ಅನ್ನನಾಳ, ಶ್ವಾಸನಾಳದ ಹುಟ್ಟುದೋಷ ಮತ್ತು ಜೀನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿದ ಮಗುವಿಗೆ ಅನ್ನನಾಳ ಕೂಡಿಲ್ಲ, ಕೂಡಲೇ ಆಪರೇಷನ್ ಆಗಬೇಕು ಎಂದಾಗ ಮನೆಯವರಿಗೆ ಬೇರೇನೂ ತೋಚುವುದಿಲ್ಲ. ಪ್ರಶ್ನೆಗಳು ಏಳುವುದು ಆಮೇಲೆ, ಮಗು ಎನ್‌ಐಸಿಯುನಿಂದ (ಹಸುಳೆಗಳ ತೀವ್ರ ನಿಗಾ ಘಟಕ) ವಾರ್ಡಿಗೆ ಬಂದು, ಅಜ್ಜಿ ಊರಿಂದ ಬಂದು, ನೆಂಟರಿಷ್ಟರ ಫೋನುಗಳು ಶುರುವಾದ ಮೇಲೆ. ಜೆನೆಟಿಕ್ ಕೌನ್ಸೆಲಿಂಗ್ ಕೋಣೆಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ಆದಷ್ಟೂ ಕೇಳಿದವರ ಮಾತಲ್ಲೇ, ಇಲ್ಲಿ ಬರೆದಿದ್ದೇನೆ. ನಿಮ್ಮ ಮಗುವಿನ ವಿಷಯಕ್ಕೆ ಕೊನೆಯ ಮಾತು ಅದನ್ನು ನೋಡುತ್ತಿರುವ ಡಾಕ್ಟರದ್ದೇ.

ಡಾಕ್ಟರು ಚಿತ್ರ ಬರೆದು ತೋರಿಸಿದರು. ಆಗ ತಲೆಗೆ ಹೋಗಲಿಲ್ಲ. ಇನ್ನೊಮ್ಮೆ ಹೇಳ್ತೀರಾ?

ಕುತ್ತಿಗೆಯಿಂದ ಎದೆಯೊಳಕ್ಕೆ ಎರಡು ಕೊಳವೆಗಳು ಇಳಿಯುತ್ತವೆ. ಮುಂದಿನದು ಗಾಳಿ ಹೋಗುವ ಶ್ವಾಸನಾಳ, ಅದರ ಬೆನ್ನಿಗೇ ಅಂಟಿಕೊಂಡಿರುವುದು ಊಟ ಇಳಿಯುವ ಅನ್ನನಾಳ. ಈ ದೋಷದಲ್ಲಿ ಅನ್ನನಾಳ ನಡುವೆ ತುಂಡಾಗಿರುತ್ತದೆ. ಮೇಲಿನ ತುಂಡು ಕಟ್ಟಿದ ಚೀಲದ ಹಾಗೆ ಕೊನೆಯಾಗುತ್ತದೆ. ಕೆಳಗಿನ ತುಂಡು ಹೊಟ್ಟೆಯಿಂದ ಮೇಲೆ ಬಂದು, ಸೇರಬೇಕಾದಲ್ಲಿ ಸೇರದೆ ಶ್ವಾಸನಾಳಕ್ಕೆ ತೂತು ಮಾಡಿಕೊಂಡು ಕೂತಿರುತ್ತದೆ. ಈ ತೂತಿಗೆ ಫಿಸ್ಟುಲಾ ಅನ್ನುತ್ತಾರೆ, ತುಂಡಾಗಿರುವುದಕ್ಕೆ ಅಟ್ರೀಸಿಯಾ. ಫೈಲಿನಲ್ಲಿ 'ಇಎ-ಟಿಇಎಫ್' ಎಂದು ಬರೆದಿದ್ದರೆ ಎರಡೂ ಇವೆ ಎಂದರ್ಥ.

ಹಾಗಾಗಿಯೇ ಮಗುವಿನ ಬಾಯಲ್ಲಿ ಒರೆಸಿದಷ್ಟೂ ನೊರೆ ಬರುತ್ತದೆ, ಮೊದಲ ಹಾಲಿಗೇ ಕೆಮ್ಮಿ ನೀಲಿಗಟ್ಟುತ್ತದೆ. ನರ್ಸ್ ಬಾಯಿಂದ ಟ್ಯೂಬ್ ಇಳಿಸಿದರೆ ಸುಮಾರು 10 ಸೆಂ.ಮೀ. ಹೋಗಿ ತಡೆದು ನಿಲ್ಲುತ್ತದೆ. ಎಕ್ಸ್-ರೇ ತೆಗೆದರೆ ಆ ಟ್ಯೂಬು ಮೇಲಿನ ಚೀಲದೊಳಗೆ ಸುರುಳಿ ಸುತ್ತಿಕೊಂಡಿರುವುದು ಕಾಣುತ್ತದೆ.

ನಾನು ಹೇಳಿದ್ದು 'ಸಿ' ಮಾದರಿ. ನೂರು ಮಕ್ಕಳಲ್ಲಿ ಸುಮಾರು 85ಕ್ಕೆ ಇರುವುದು ಇದೇ. ಫಿಸ್ಟುಲಾ ಇಲ್ಲದೆ ಬರೀ ತುಂಡಾಗಿರುವುದು 'ಎ' ಮಾದರಿ. ಅನ್ನನಾಳ ಸರಿಯಿದ್ದು ನಡುವೆ ತೂತು ಮಾತ್ರ ಇದ್ದರೆ ಅದು 'ಎಚ್' ಆಕಾರದ್ದು. ಇಂಥ ಮಕ್ಕಳು ಹಾಲು ಕುಡಿಯುತ್ತವೆ, ಆದರೆ ಕುಡಿದಾಗೆಲ್ಲ ಕೆಮ್ಮುತ್ತವೆ, ಮೇಲಿಂದ ಮೇಲೆ ನ್ಯುಮೋನಿಯಾ ಆಗುತ್ತದೆ. ಗೊತ್ತಾಗುವಷ್ಟರಲ್ಲಿ ಎಷ್ಟೋ ಸಲ ತಿಂಗಳುಗಳೇ ಕಳೆದಿರುತ್ತವೆ. ಎಲ್ಲ ಮಾದರಿ ಸೇರಿ ಸುಮಾರು 3,500 ಹೆರಿಗೆಗೆ ಒಂದು ಮಗು ಹೀಗೆ ಹುಟ್ಟುತ್ತದೆ.

ಇದು ಆಗೋದು ಯಾವಾಗ? ಆರನೇ ತಿಂಗಳಲ್ಲಿ ನಾನು ಜಾರಿ ಬಿದ್ದಿದ್ದೆ.

ಆ ಬೀಳುವಿಕೆಗೂ ಇದಕ್ಕೂ ಸಂಬಂಧ ಇಲ್ಲ. ಎರಡು ಕೊಳವೆಗಳು ಮೊದಲಿಗೆ ಒಂದೇ. ಭ್ರೂಣಕ್ಕೆ ನಾಲ್ಕು ವಾರ ಆಗುವ ಹೊತ್ತಿಗೆ ಅದರ ಮುಂಭಾಗದಲ್ಲಿ ಶ್ವಾಸಕೋಶದ ಮೊಗ್ಗು ಒಡೆಯುತ್ತದೆ, ಆಮೇಲೆ ನಡುವೆ ಗೋಡೆ ಎದ್ದು ಕೊಳವೆ ಎರಡಾಗುತ್ತದೆ. ಆರನೇ ವಾರದ ಸುಮಾರಿಗೆ ಈ ಕೆಲಸ ಮುಗಿದುಹೋಗುತ್ತದೆ. ನಾವು ಕೊನೆಯ ಮುಟ್ಟಿನಿಂದ ಎಣಿಸುವುದರಿಂದ ನಿಮ್ಮ ಲೆಕ್ಕದಲ್ಲಿ ಅದು ಆರರಿಂದ ಎಂಟನೇ ವಾರ. ಎಷ್ಟೋ ಜನ ತಾಯಂದಿರು ಮುಟ್ಟು ನಿಂತಿದೆಯೋ, ಬರೀ ತಡವಾಗಿದೆಯೋ ಎಂದು ಇನ್ನೂ ಯೋಚಿಸುತ್ತಿರುವ ದಿನಗಳವು.

ಪಪ್ಪಾಯ ತಿಂದಿದ್ದೆ, ಗ್ರಹಣದ ದಿನ ಹೊರಗೆ ಬಂದಿದ್ದೆ. ಅತ್ತೆ ಅದನ್ನೇ ಹೇಳ್ತಾರೆ.

ಈ ಮಾತು ಕೇಳದ ವಾರ ನನಗೆ ನೆನಪಿಲ್ಲ. ಪಪ್ಪಾಯಕ್ಕೂ ಗ್ರಹಣಕ್ಕೂ ಅನ್ನನಾಳಕ್ಕೂ ನಂಟಿಲ್ಲ. ಅತ್ತೆಯವರನ್ನೂ ಒಮ್ಮೆ ಕರೆದುಕೊಂಡು ಬನ್ನಿ, ನಾನೇ ಹೇಳುತ್ತೇನೆ. ಸೊಸೆ ಹೇಳಿದ್ದನ್ನು ಕೇಳದವರು ಬಿಳಿ ಕೋಟಿನ ಮಾತು ಕೇಳುವುದುಂಟು.

ನಿಜವಾಗಿ ವಿಚಾರಿಸಬೇಕಾದ ಹೊರಗಿನ ಕಾರಣಗಳು ಕೆಲವೇ. ಗರ್ಭ ನಿಲ್ಲುವ ಮೊದಲೇ ತಾಯಿಗೆ ಸಕ್ಕರೆ ಕಾಯಿಲೆ ಇದ್ದು ಹತೋಟಿಯಲ್ಲಿ ಇಲ್ಲದಿದ್ದರೆ ಹಲವು ಹುಟ್ಟುದೋಷಗಳ ಜೊತೆ ಇದರ ಸಾಧ್ಯತೆಯೂ ಹೆಚ್ಚು. ಎರಡನೆಯದು ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವಾಗ ಕೊಡುವ ಮೆಥಿಮಜೋಲ್, ಕಾರ್ಬಿಮಜೋಲ್ ಮಾತ್ರೆಗಳು. ಇವನ್ನು ಗರ್ಭದ ಮೊದಲ ವಾರಗಳಲ್ಲಿ ತೆಗೆದುಕೊಂಡರೆ ಅನ್ನನಾಳದ ದೋಷ ಆಗಬಹುದೆಂದು ಗೊತ್ತಿದೆ. ನಮ್ಮಲ್ಲಿ ಬಹುತೇಕ ಹೆಂಗಸರು ನುಂಗುವ ಥೈರಾಯ್ಡ್ ಮಾತ್ರೆ ಇದಲ್ಲ. ಅದು ಥೈರಾಕ್ಸಿನ್, ಗರ್ಭಿಣಿಗೆ ಬೇಕೇ ಬೇಕಾದದ್ದು. ಹೆಸರು ಕೇಳಿ ಗಾಬರಿಯಾಗಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ಚೀಟಿ ತೋರಿಸಿ ಕೇಳಿ.

ಜೆನೆಟಿಕ್ ಅಂದರೆ ನಮ್ಮಿಂದಲೇ ಬಂತು ಅಂತ ತಾನೇ? ಅವರ ಕಡೆಯಿಂದಲೋ ನಮ್ಮ ಕಡೆಯಿಂದಲೋ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. 'ಜೆನೆಟಿಕ್' ಬೇರೆ, 'ವಂಶಪಾರಂಪರ್ಯ' ಬೇರೆ. ಕನ್ನಡದಲ್ಲಿ ಎರಡಕ್ಕೂ 'ಆನುವಂಶಿಕ' ಎಂದು ಬರೆದುಬಿಡುತ್ತೇವೆ, ಅಲ್ಲಿಂದಲೇ ಎಷ್ಟೋ ಮನೆಗಳಲ್ಲಿ ಜಗಳ ಶುರು.

ಜೀನ್ ಎಂದರೆ ದೇಹ ಕಟ್ಟುವ ಸೂಚನೆ. ಪ್ರತಿ ಸಲ ಅಂಡಾಣು, ವೀರ್ಯಾಣು ತಯಾರಾಗುವಾಗ ಈ ಸೂಚನೆಗಳನ್ನೆಲ್ಲ ಹೊಸದಾಗಿ ನಕಲು ಮಾಡಬೇಕು. ಕೈಯಲ್ಲಿ ಪತ್ರ ನಕಲು ಮಾಡುವವನು ಎಲ್ಲೋ ಒಂದು ಒತ್ತಕ್ಷರ ಬಿಡುತ್ತಾನಲ್ಲ, ಹಾಗೆ ಇಲ್ಲೂ ಅಲ್ಲಲ್ಲಿ ತಪ್ಪುತ್ತದೆ. ನಾನು, ನೀವು, ಎಲ್ಲರೂ ಅಪ್ಪ ಅಮ್ಮನಲ್ಲಿ ಇಲ್ಲದ ಹತ್ತಾರು ಹೊಸ ಬದಲಾವಣೆ ಹೊತ್ತೇ ಹುಟ್ಟಿದ್ದೇವೆ. ಬಹುಪಾಲು ಯಾರಿಗೂ ಗೊತ್ತಾಗದ ಜಾಗದಲ್ಲಿ ಬೀಳುತ್ತವೆ. ಅಪರೂಪಕ್ಕೊಂದು ಈ ಕೊಳವೆಯನ್ನು ಎರಡು ಮಾಡುವ ಜೀನಿನಲ್ಲೇ ಬಿದ್ದರೆ ಮಗುವಿಗೆ ತೊಂದರೆ. ಕಾರಣ ಜೆನೆಟಿಕ್ ಹೌದು, ಆದರೆ ಎರಡೂ ಕಡೆಯ ವಂಶದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅನ್ನನಾಳದ ದೋಷದಲ್ಲಿ ಜೀನ್ ಕಾರಣ ಸಿಕ್ಕಾಗ ಹೆಚ್ಚಿನ ಸಲ ಅದು ಇಂಥ ಹೊಸ ಬದಲಾವಣೆಯೇ.

ಅವಳಿಗಳನ್ನು ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಒಂದೇ ಅಂಡಾಣುವಿನಿಂದ ಹುಟ್ಟಿದ ಅವಳಿಗಳ ಜೀನುಗಳು ಹೆಚ್ಚುಕಡಿಮೆ ಒಂದೇ. ಆದರೂ ಬಹುಪಾಲು ಜೋಡಿಗಳಲ್ಲಿ ಒಂದಕ್ಕೆ ಈ ದೋಷ ಇದ್ದರೆ ಇನ್ನೊಂದು ಸರಿಯಾಗಿರುತ್ತದೆ. ಜೀನೊಂದೇ ಎಲ್ಲವನ್ನೂ ನಿರ್ಧರಿಸುವುದಾದರೆ ಹೀಗಾಗುವಂತಿರಲಿಲ್ಲ.

ಯಾವ ಜೀನುಗಳು? ಹೆಸರಿಟ್ಟು ಹೇಳಿ, ನಾವೂ ಓದಿಕೊಳ್ತೀವಿ.

ಮೊದಲು ಕ್ರೋಮೋಸೋಮುಗಳ, ಅಂದರೆ ಜೀನುಗಳನ್ನು ಹೊತ್ತಿರುವ ಎಳೆಗಳ ಮಟ್ಟದಲ್ಲಿ. 18ನೇ ಕ್ರೋಮೋಸೋಮ್ ಎರಡಿರುವಲ್ಲಿ ಮೂರಿದ್ದರೆ ಅದು ಎಡ್ವರ್ಡ್ಸ್ ಸಿಂಡ್ರೋಮ್ (ಹಲವು ಲಕ್ಷಣಗಳು ಒಟ್ಟಿಗೆ ಕಾಣುವುದಕ್ಕೆ ಸಿಂಡ್ರೋಮ್ ಅನ್ನುತ್ತಾರೆ). ಅಂಥ ಮಕ್ಕಳಲ್ಲಿ ಕಾಲು ಭಾಗದವರೆಗೂ ಅನ್ನನಾಳದ ದೋಷ ಕಾಣಬಹುದು. 21 ಮೂರಿರುವ ಡೌನ್ ಸಿಂಡ್ರೋಮಿನಲ್ಲಿ ಇದು ತೀರ ಕಡಿಮೆ. 16ರಲ್ಲಿ ಫಾಕ್ಸ್‌ಎಫ್1 ಜೀನಿರುವ ತುಣುಕು ಬಿಟ್ಟುಹೋದರೆ, 22ರಲ್ಲಿ ಒಂದು ಚಿಕ್ಕ ತುಣುಕು ಬಿಟ್ಟುಹೋದರೆ ಕೂಡ ಆಗಬಹುದು.

ಆಮೇಲೆ ಒಂಟಿ ಜೀನುಗಳು. ಸಾಕ್ಸ್2 ಇವುಗಳಲ್ಲಿ ಮುಖ್ಯ. ಆ ಒಂದೇ ಕೊಳವೆಯಿದ್ದ ದಿನಗಳಲ್ಲಿ ಹಿಂಭಾಗಕ್ಕೆ 'ನೀನು ಅನ್ನನಾಳ' ಎಂದು ಹೇಳುವುದು ಸಾಕ್ಸ್2. ಮುಂಭಾಗಕ್ಕೆ 'ನೀನು ಶ್ವಾಸನಾಳ' ಎನ್ನುವುದು ಎನ್‌ಕೆಎಕ್ಸ್2-1 ಎಂಬ ಇನ್ನೊಂದು ಜೀನ್. ಹೊಲದ ಬದುವಿನಂತೆ ಇವೆರಡರ ನಡುವೆ ಗಡಿ ಬೀಳುತ್ತದೆ, ಆ ಗಡಿಯ ಗುಂಟವೇ ಕೊಳವೆ ಸೀಳುತ್ತದೆ. ಸಾಕ್ಸ್2 ಜೀನ್ ಕೆಟ್ಟಿರುವ ಮಕ್ಕಳಲ್ಲಿ ಕಣ್ಣುಗುಡ್ಡೆ ಬೆಳೆದಿರುವುದಿಲ್ಲ ಅಥವಾ ತೀರ ಚಿಕ್ಕದಿರುತ್ತದೆ, ಕೆಲವರಲ್ಲಿ ಜೊತೆಗೆ ಅನ್ನನಾಳದ ದೋಷವೂ ಇರುತ್ತದೆ. ಸಿಎಚ್‌ಡಿ7 ಕೆಟ್ಟರೆ ಚಾರ್ಜ್ ಸಿಂಡ್ರೋಮ್. ಕಣ್ಣಪಾಪೆ ಬೀಗದ ಕೈ ತೂತಿನ ಹಾಗೆ ಕಾಣಬಹುದು, ಹಾಲೆಯಿಲ್ಲದ ಪುಟ್ಟ ಕಿವಿ, ಹೃದಯದ ದೋಷ, ಕಿವುಡು. ಇಎಫ್‌ಟಿಯುಡಿ2 ಕೆಟ್ಟರೆ ಚಿಕ್ಕ ತಲೆ, ಚಿಕ್ಕ ದವಡೆ, ಕಿವಿಯ ತೊಂದರೆ. ಈ ಜೀನಿಗೂ ಈ ತೊಂದರೆಗಳಿಗೂ ಇರುವ ನಂಟು ಗೊತ್ತಾಗಿದ್ದೇ 2012ರಲ್ಲಿ.

ಇನ್ನೊಂದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ಕಣ್ಣೆದುರೇ ಇದ್ದರೂ ತಪ್ಪಿಸಿಕೊಳ್ಳುತ್ತದೆ. ಎಂವೈಸಿಎನ್ ಜೀನ್ ಕೆಟ್ಟರೆ ಬರುವ ಫೈನ್‌ಗೋಲ್ಡ್ ಸಿಂಡ್ರೋಮ್. ಅನ್ನನಾಳದ ಆಪರೇಷನ್ ಆದ ಎರಡು ತಿಂಗಳ ಮಗುವನ್ನು ಎತ್ತಿಕೊಂಡು ಅಪ್ಪ ಅಮ್ಮ ಬಂದಿದ್ದರು. ಮಗುವಿನ ಕಾಲಿನ ಎರಡನೇ ಮೂರನೇ ಬೆರಳು ಅರ್ಧದವರೆಗೆ ಕೂಡಿದ್ದವು, ಕಿರುಬೆರಳು ಮೋಟು. ಎಲ್ಲರ ಹಾಗೆ ಅಪ್ಪನೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದಿದ್ದರು. ಮೇಜಿನ ಕೆಳಗೆ ಕಣ್ಣು ಹೋಯಿತು: ಅದೇ ಕೂಡಿದ ಬೆರಳು. 'ಅದಾ, ನಮ್ಮಪ್ಪಂಗೂ ಹಂಗೇ ಇತ್ತು ಮೇಡಂ, ಅದೃಷ್ಟ ಅಂತಿದ್ರು' ಎಂದರು ಅವರು. ಫೈನ್‌ಗೋಲ್ಡ್ ಇರುವವರಲ್ಲಿ ಸುಮಾರು ಹತ್ತಕ್ಕೆ ಮೂರು ನಾಲ್ಕು ಜನಕ್ಕೆ ಮಾತ್ರ ಅನ್ನನಾಳವೋ ಸಣ್ಣ ಕರುಳೋ ಮುಚ್ಚಿರುತ್ತದೆ. ಉಳಿದವರಿಗೆ ಬೆರಳು, ಸ್ವಲ್ಪ ಚಿಕ್ಕ ತಲೆ, ಇಷ್ಟೇ. ಹೀಗಾಗಿ ಅಪ್ಪನಿಗೆ ತೊಂದರೆಯೇ ಆಗಿರಲಿಲ್ಲ. ಆದರೆ ಅವರ ಪ್ರತಿ ಮಗುವಿಗೂ ಈ ಜೀನ್ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಮುಂದಿನ ಬಸಿರಿನ ಲೆಕ್ಕವೇ ಇದರಿಂದ ಬದಲಾಗುತ್ತದೆ. ಹೊಸ ಬದಲಾವಣೆಯೇ ಹೆಚ್ಚು ಎಂದು ಮೇಲೆ ಹೇಳಿದೆನಲ್ಲ, ಇದು ಅದಕ್ಕೆ ಅಪವಾದ.

ಫೈಲಿನಲ್ಲಿ 'ವ್ಯಾಕ್ಟರ್ಲ್' ಅಂತ ಬರೆದಿದ್ದಾರೆ. ಇದು ಯಾವ ಕಾಯಿಲೆ?

ಇದು ಕಾಯಿಲೆಯ ಹೆಸರಿಗಿಂತ ಪಟ್ಟಿಯ ಹೆಸರು. ಬೆನ್ನುಮೂಳೆ, ಗುದದ್ವಾರ, ಹೃದಯ, ಶ್ವಾಸನಾಳ-ಅನ್ನನಾಳ, ಮೂತ್ರಪಿಂಡ, ಕೈಕಾಲು, ಇವುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಜೋಡಿಸಿ ಮಾಡಿದ್ದು. ಮೂರು ಕಡೆಯಾದರೂ ದೋಷವಿದ್ದು ಬೇರೆ ಯಾವ ಸಿಂಡ್ರೋಮಿಗೂ ಹೊಂದದಿದ್ದರೆ ಈ ಹೆಸರು ಕೊಡುತ್ತಾರೆ. ಅನ್ನನಾಳದ ದೋಷವಿರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟಕ್ಕೆ ಬೇರೆ ಕಡೆಯೂ ಏನಾದರೂ ಇರುತ್ತದೆ. ಅದಕ್ಕೇ ಆಪರೇಷನ್ನಿಗೆ ಮೊದಲು ಹೃದಯದ ಸ್ಕ್ಯಾನ್ ಆದ ಎಕೋ ಮಾಡುತ್ತಾರೆ, ಕಿಡ್ನಿಗೆ ಸ್ಕ್ಯಾನ್, ಬೆನ್ನಿಗೆ ಎಕ್ಸ್-ರೇ. ಮಗು ಉಳಿಯುವುದು ಅನ್ನನಾಳಕ್ಕಿಂತ ಹೆಚ್ಚಾಗಿ ಹೃದಯದ ಮೇಲೂ ತೂಕದ ಮೇಲೂ ನಿಂತಿರುತ್ತದೆ. ಲಂಡನ್ನಿನ ಸರ್ಜನ್ ಲೂಯಿಸ್ ಸ್ಪಿಟ್ಜ್ 1994ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಕೇಳುವುದು ಎರಡೇ ಪ್ರಶ್ನೆ: ತೂಕ 1.5 ಕೆ.ಜಿ. ದಾಟಿದೆಯೇ, ಹೃದಯದಲ್ಲಿ ದೊಡ್ಡ ದೋಷವಿದೆಯೇ.

ಬಹುಪಾಲು ವ್ಯಾಕ್ಟರ್ಲ್ ಮಕ್ಕಳಲ್ಲಿ ಜೀನ್ ಕಾರಣ ಸಿಗುವುದಿಲ್ಲ. ಆದರೆ ಮಗುವಿನ ಹೆಬ್ಬೆರಳು ಇಲ್ಲದಿದ್ದರೆ, ಜೋತುಬಿದ್ದಿದ್ದರೆ, ಮುಂಗೈ ಒಳಕ್ಕೆ ಬಾಗಿದ್ದರೆ ವ್ಯಾಕ್ಟರ್ಲ್ ಎಂದು ಬರೆದು ಫೈಲು ಮುಚ್ಚಬಾರದು ಎನ್ನುವುದು ನನ್ನ ಹಟ. ಮೂಳೆಮಜ್ಜೆ ಸೋತು ರಕ್ತ ಸರಿಯಾಗಿ ತಯಾರಾಗದ ಫ್ಯಾಂಕೋನಿ ಅನೀಮಿಯಾ ಎಂಬ ಕಾಯಿಲೆ ಹುಟ್ಟಿದಾಗ ಥೇಟ್ ಹೀಗೇ ಕಾಣಬಹುದು. ರಕ್ತದ ತೊಂದರೆ ಶುರುವಾಗುವುದು ಸಾಮಾನ್ಯವಾಗಿ ಮಗು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಕ್ರೋಮೋಸೋಮ್ ಬ್ರೇಕೇಜ್ ಎಂಬ ರಕ್ತಪರೀಕ್ಷೆಯಿಂದ ಮೊದಲೇ ತಿಳಿದರೆ ಮೂಳೆಮಜ್ಜೆಯ ಮೇಲೆ ಕಣ್ಣಿಡಬಹುದು.

ನಮ್ಮದು ಸೋದರಮಾವನ ಜೊತೆ ಆದ ಮದುವೆ. ಅದರಿಂದಲೇ ಆಯ್ತಾ?

ಹೆಚ್ಚಿನ ಸಲ ಇಲ್ಲ. ಒಂದೊಂದು ಜೀನಿಗೂ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅದರಲ್ಲಿ ಒಂದು ಪ್ರತಿ ಕೆಟ್ಟರೇ ಸಾಕಾಗುವ ಹೊಸ ಬದಲಾವಣೆಗೆ ಸಂಬಂಧದೊಳಗಿನ ಮದುವೆ ಕಾರಣವಾಗುವುದಿಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದರೆ ಮಾತ್ರ ಬರುವ ಕಾಯಿಲೆಗಳಿವೆ, ಫ್ಯಾಂಕೋನಿಯ ಹೆಚ್ಚಿನ ಬಗೆಗಳು ಹಾಗೆ. ಅಲ್ಲಿ ಸೋದರಮಾವ, ಅತ್ತೆಮಗ ಎಂಬ ಸಂಬಂಧ ಲೆಕ್ಕಕ್ಕೆ ಬರುತ್ತದೆ. ಇಬ್ಬರಲ್ಲೂ ಆ ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಅದಕ್ಕಾಗಿ ಕೇಳುತ್ತೇವೆ. ಮದುವೆ ಮಾಡಿದ ಹಿರಿಯರನ್ನು ಈಗ ಬೈದು ಪ್ರಯೋಜನವಿಲ್ಲ, ಸಂಬಂಧ ಹೇಗೆ ಎಂದು ಸರಿಯಾಗಿ ಹೇಳಿದರೆ ಸಾಕು.

ವಂಶವೃಕ್ಷ ಬರೆಯುವಾಗ ಸತ್ತುಹೋದ ಮಕ್ಕಳ ಬಗ್ಗೆ ಯಾಕೆ ಅಷ್ಟು ಕೆದಕ್ತೀರಿ?

ಈ ದೋಷವಿದ್ದ ಮಗುವಿನ ಅನ್ನನಾಳವನ್ನು ಒಂದೇ ಆಪರೇಷನ್ನಿನಲ್ಲಿ ಜೋಡಿಸಿ ಮಗು ಉಳಿದದ್ದು ಮೊದಲ ಬಾರಿಗೆ 1941ರಲ್ಲಿ, ಅಮೆರಿಕದ ಮಿಷಿಗನ್‌ನ ಕ್ಯಾಮರಾನ್ ಹೈಟ್ ಎಂಬ ಸರ್ಜನ್ ಕೈಯಲ್ಲಿ. ಅದಕ್ಕೂ ಹಿಂದೆ ಹೀಗೆ ಹುಟ್ಟಿದವರು ಬೆಳೆದು ಮಕ್ಕಳ ಹೆತ್ತದ್ದೇ ಇಲ್ಲವೆನ್ನಬೇಕು. ನಮ್ಮ ಹಳ್ಳಿಗಳಲ್ಲಂತೂ ಆ ಆಪರೇಷನ್ ಕೈಗೆ ಸಿಕ್ಕಿದ್ದು ಎಷ್ಟೋ ದಶಕಗಳ ನಂತರ. ಹೀಗಾಗಿ ವಂಶವೃಕ್ಷದಲ್ಲಿ 'ಅನ್ನನಾಳದ ತೊಂದರೆ' ಎಂದು ಯಾರೂ ಹೇಳುವುದಿಲ್ಲ. ಅಜ್ಜಿಯ ಬಾಯಲ್ಲಿ ಅದು ಬೇರೆ ರೂಪದಲ್ಲಿರುತ್ತದೆ: 'ಒಂದು ಕೂಸು ಹಾಲೇ ಹಿಡೀಲಿಲ್ಲ, ಬಾಯಿ ತುಂಬ ಬುರುಗು, ಮೂರು ದಿನಕ್ಕೆ ಹೋಯ್ತು.' ಅಷ್ಟು ಸಾಕು ನನಗೆ. ಕೌನ್ಸೆಲಿಂಗಿಗೆ ಬರುವಾಗ ಅಜ್ಜಿ ಜೊತೆಗಿದ್ದರೆ ಒಳ್ಳೆಯದು ಎನ್ನುವುದು ಇದಕ್ಕೇ.

ಯಾವ ಟೆಸ್ಟ್ ಮಾಡಿಸಬೇಕು? ಎಲ್ಲರಿಗೂ ಬೇಕಾ?

ಅನ್ನನಾಳ ಬಿಟ್ಟು ಬೇರೇನೂ ದೋಷವಿಲ್ಲದ, ನೋಡಲಿಕ್ಕೆ, ಬೆಳವಣಿಗೆಯಲ್ಲಿ ಎಲ್ಲ ಸರಿಯಿರುವ ಮಗುವಿಗೆ ನಾನು ದುಬಾರಿ ಟೆಸ್ಟಿಗೆ ಒತ್ತಾಯಿಸುವುದಿಲ್ಲ. ಸಿಗುವುದು ಕಡಿಮೆ, ಖರ್ಚು ಹೆಚ್ಚು. ಬೇರೆ ದೋಷಗಳೂ ಇದ್ದರೆ ಕ್ರೋಮೋಸೋಮಲ್ ಮೈಕ್ರೋಅರೇ ಮೊದಲು. ಕಾಣೆಯಾದ ಅಥವಾ ಹೆಚ್ಚಾದ ತುಣುಕುಗಳು ಅದರಲ್ಲಿ ಸಿಗುತ್ತವೆ. 18 ಅಥವಾ 21ನೇ ಕ್ರೋಮೋಸೋಮ್ ಮೂರಿರುವ ಅನುಮಾನ ಇದ್ದರೆ ಕ್ರೋಮೋಸೋಮುಗಳನ್ನು ಎಣಿಸಿ ನೋಡುವ ಕ್ಯಾರಿಯೋಟೈಪ್. ಅಲ್ಲಿಗೂ ಗೊತ್ತಾಗದಿದ್ದರೆ ಎಕ್ಸೋಮ್ ಪರೀಕ್ಷೆ, ಜೀನುಗಳ ಮುಖ್ಯ ಭಾಗವನ್ನು ಅಕ್ಷರ ಅಕ್ಷರವಾಗಿ ಓದುವುದು. ಸಾಧ್ಯವಾದರೆ ಅಪ್ಪ, ಅಮ್ಮ, ಮಗು ಮೂವರದ್ದೂ ಒಟ್ಟಿಗೆ ಮಾಡಿಸಿ. ಬದಲಾವಣೆ ಹೊಸದೋ ದಾಟಿ ಬಂದದ್ದೋ ಆಗಲೇ ತಿಳಿಯುತ್ತದೆ.

ಒಂದು ಸಣ್ಣ ವಿಷಯ, ಎನ್‌ಐಸಿಯು ಗಡಿಬಿಡಿಯಲ್ಲಿ ಮರೆತುಹೋಗುವಂಥದ್ದು. ಮಗುವಿಗೆ ರಕ್ತ ಕೊಡುವ ಮೊದಲೇ ಜೆನೆಟಿಕ್ ಟೆಸ್ಟಿನ ರಕ್ತ ತೆಗೆದಿಡಲು ಕೇಳಿ. ಒಂದೆರಡು ಎಂ.ಎಲ್. ಸಾಕು. ಬೇರೆಯವರ ರಕ್ತ ಬೆರೆತ ಮೇಲೆ ಕೆಲವು ಪರೀಕ್ಷೆಗಳಿಗೆ ಕಾಯಬೇಕಾಗುತ್ತದೆ.

ಕರ್ನಾಟಕದಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ಮೆಡಿಕಲ್ ಜೆನೆಟಿಕ್ಸ್ ವಿಭಾಗದಂಥ ಕಡೆ ಈ ವಿಷಯಕ್ಕೇ ಮೀಸಲಾದ ತಜ್ಞರಿದ್ದಾರೆ. ನಿಮ್ಮ ಪೀಡಿಯಾಟ್ರಿಕ್ ಸರ್ಜನ್ ಹತ್ತಿರ ಪತ್ರ ಬರೆಸಿಕೊಂಡು ಹೋಗಿ.

ರಿಪೋರ್ಟಿನಲ್ಲಿ 'ವಿಯುಎಸ್' ಅಂತ ಬಂದಿದೆ. ಗೂಗಲ್ ಮಾಡಿ ಭಯ ಆಯ್ತು.

ಅರ್ಥ ಇನ್ನೂ ಖಚಿತವಾಗದ ಬದಲಾವಣೆ ಎಂದಷ್ಟೇ. ಒಂದು ಅಕ್ಷರ ಬೇರೆ ಇದೆ, ಆದರೆ ಅದರಿಂದ ತೊಂದರೆ ಆಗುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು. ಭಾರತದವರ ಜೀನ್ ಮಾಹಿತಿ ಜಗತ್ತಿನ ಸಂಗ್ರಹಗಳಲ್ಲಿ ಕಡಿಮೆ ಇರುವುದರಿಂದ ನಮ್ಮವರ ರಿಪೋರ್ಟಿನಲ್ಲಿ ಇದು ಹೆಚ್ಚು. ಬರೀ ವಿಯುಎಸ್ ಹಿಡಿದುಕೊಂಡು ಮುಂದಿನ ಬಸಿರಿನ ಬಗ್ಗೆ ಯಾವ ತೀರ್ಮಾನವನ್ನೂ ಮಾಡಬೇಡಿ. ಅಪ್ಪ ಅಮ್ಮನ ರಕ್ತ ಹೋಲಿಸಿದರೆ ಎಷ್ಟೋ ಸಲ ಗಂಟು ಬಿಡುತ್ತದೆ. ಉಳಿದದ್ದನ್ನು ಒಂದೆರಡು ವರ್ಷ ಬಿಟ್ಟು ಮತ್ತೆ ವಿಶ್ಲೇಷಿಸಲು ಲ್ಯಾಬಿಗೆ ಕೇಳಬಹುದು.

ಎಲ್ಲ ಟೆಸ್ಟೂ ನಾರ್ಮಲ್ ಬಂತು. ಹಾಗಾದರೆ ಕಾರಣ ಏನು?

ಹೆಚ್ಚಿನವರಿಗೆ ಹೀಗೇ ಬರುತ್ತದೆ. ಈ ದೋಷವಿರುವ ನೂರು ಮಕ್ಕಳಲ್ಲಿ ಖಚಿತ ಜೆನೆಟಿಕ್ ಕಾರಣ ಸಿಗುವುದು ಸುಮಾರು 10ರಿಂದ 12ಕ್ಕೆ. ಉಳಿದವರಲ್ಲಿ ಹಲವು ಸಣ್ಣ ಕಾರಣಗಳು ಕೊಳವೆ ಎರಡಾಗುವ ಆ ಎರಡು ವಾರದೊಳಗೆ ಒಟ್ಟು ಸೇರಿರಬೇಕು ಎನ್ನುವುದು ಈಗಿನ ತಿಳುವಳಿಕೆ.

ಹುಡುಕಾಟವಂತೂ ನಿಂತಿಲ್ಲ. ಸೋನಿಕ್ ಹೆಡ್ಜ್‌ಹಾಗ್ ಎಂಬ ಜೀನ್ ಇಲ್ಲದ ಇಲಿಗಳಲ್ಲಿ ಇದೇ ದೋಷ ಬರುವುದು 1998ರಲ್ಲೇ ಕಂಡಿತ್ತು. ಅಮೆರಿಕದ ಸಿನ್ಸಿನಾಟಿಯ ಸಂಶೋಧಕರು ಕಪ್ಪೆಯ ಭ್ರೂಣಗಳಲ್ಲಿ ಕೊಳವೆ ಎರಡಾಗುವುದನ್ನು ಹತ್ತಿರದಿಂದ ನೋಡಿದ್ದಾರೆ. ಎರಡು ಬದಿಯ ಗೋಡೆಗಳು ಮೊದಲು ಒಳಕ್ಕೆ ಬಂದು ಮುಟ್ಟುತ್ತವೆ, ಆಮೇಲೆ ಅಂಟಿದ ಜಾಗ ಕರಗಿ ಎರಡೂ ಬಿಡಿಯಾಗುತ್ತವೆ. ಆ ಕರಗುವಿಕೆಗೆ ಜೀವಕೋಶದೊಳಗೆ ಸಾಮಾನು ಸಾಗಿಸುವ ವ್ಯವಸ್ಥೆ ಸರಿಯಿರಬೇಕು. ಮಕ್ಕಳಲ್ಲಿ ಸಿಕ್ಕ ಕೆಲವು ಹೊಸ ಬದಲಾವಣೆಗಳು ಅದೇ ವ್ಯವಸ್ಥೆಯ ಜೀನುಗಳಲ್ಲಿವೆ.

ಇನ್ನೊಂದು ಮಗು ಮಾಡಿಕೊಳ್ಳಬಹುದಾ?

ಜೀನ್ ಕಾರಣ ಸಿಗದೆ, ಮನೆತನದಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು. ನೂರಕ್ಕೆ ತೊಂಬತ್ತೊಂಬತ್ತು ಬರುವುದಿಲ್ಲ ಎಂದೂ ಇದನ್ನೇ ಓದಬಹುದು. ಮಗುವಿನಲ್ಲಿ ಹೊಸ ಬದಲಾವಣೆ ಸಿಕ್ಕಿದ್ದರೂ ಸಾಧ್ಯತೆ ಕಡಿಮೆಯೇ, ಆದರೆ ಸೊನ್ನೆಯಲ್ಲ. ಅಪ್ಪ ಅಥವಾ ಅಮ್ಮನ ಕೆಲವು ವೀರ್ಯಾಣು, ಅಂಡಾಣುಗಳಲ್ಲಿ ಮಾತ್ರ ಆ ಬದಲಾವಣೆ ಇದ್ದು ರಕ್ತದಲ್ಲಿ ಕಾಣದಿರುವುದುಂಟು. ಕಾರಣ ಗೊತ್ತಿದ್ದರೆ 11 ವಾರದ ನಂತರ ಮಾಸದ ತುಣುಕು ಅಥವಾ 16 ವಾರದ ಸುಮಾರಿಗೆ ಗರ್ಭನೀರು ತೆಗೆದು ಅದೇ ಬದಲಾವಣೆಗಾಗಿ ನೋಡಬಹುದು.

ಫೋಲಿಕ್ ಆಮ್ಲದ ಮಾತ್ರೆ ಇದನ್ನು ತಡೆಯುತ್ತದೆಂದು ಸಾಬೀತಾಗಿಲ್ಲ. ಬೆನ್ನುಹುರಿಯ ದೋಷ ತಡೆಯುತ್ತದೆ, ಹಾಗಾಗಿ ಗರ್ಭಕ್ಕೆ ಮೊದಲೇ ಶುರು ಮಾಡಿ.

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಯಾಕೆ ಕಾಣಲಿಲ್ಲ? ಡಾಕ್ಟರದ್ದು ತಪ್ಪಲ್ಲವಾ?

ಅನ್ನನಾಳ ಸ್ಕ್ಯಾನಿನಲ್ಲಿ ನೇರವಾಗಿ ಕಾಣುವುದು ಕಷ್ಟ. ಹೊಟ್ಟೆಯ ಗುಳ್ಳೆ ಕಾಣುತ್ತದೆಯೇ, ಗರ್ಭನೀರು ಹೆಚ್ಚಿದೆಯೇ ಎಂದು ನೋಡಿ ಊಹಿಸಬೇಕು. 'ಸಿ' ಮಾದರಿಯಲ್ಲಿ ಶ್ವಾಸನಾಳದ ತೂತಿನ ಮೂಲಕವೇ ಹೊಟ್ಟೆಗೆ ನೀರು ಹೋಗುವುದರಿಂದ ಗುಳ್ಳೆ ಸರಿಯಾಗೇ ಕಾಣಬಹುದು. ಮಗು ನುಂಗುವುದು ಸಾಲದೆ ನೀರು ಹೆಚ್ಚಾಗುವುದೂ ಬಹಳ ಸಲ ಏಳನೇ ತಿಂಗಳ ನಂತರ.

ಮಗು ಉಳಿಯಲಿಲ್ಲ. ಇನ್ನು ಟೆಸ್ಟ್ ಮಾಡಿ ಏನು ಪ್ರಯೋಜನ?

ಆ ಹೊತ್ತಿನಲ್ಲಿ ಇದನ್ನು ಕೇಳಲು ನಮಗೂ ಬಾಯಿ ಬರುವುದಿಲ್ಲ. ಆದರೂ ಕೇಳುತ್ತೇವೆ. ಸ್ವಲ್ಪ ರಕ್ತ ಅಥವಾ ಚರ್ಮದ ಚೂರಿನಿಂದ ಡಿಎನ್‌ಎ ತೆಗೆದಿಟ್ಟರೆ ವರ್ಷಗಳ ನಂತರವೂ ಪರೀಕ್ಷೆ ಮಾಡಬಹುದು. ಟೆಸ್ಟ್ ಈಗಲೇ ಮಾಡಿಸಬೇಕೆಂದಿಲ್ಲ. ಕೈಕಾಲಿನ, ಮುಖದ ಫೋಟೋ, ಒಂದು ಎಕ್ಸ್-ರೇ ಇರಲಿ. ಎರಡು ವರ್ಷ ಬಿಟ್ಟು ಮತ್ತೆ ಬಸಿರಾದಾಗ ಓಡಿ ಬರುವವರ ಕೈಯಲ್ಲಿ ಡಿಸ್ಚಾರ್ಜ್ ಚೀಟಿ ಬಿಟ್ಟು ಏನೂ ಇರದಿದ್ದರೆ ನಾವು ಬರೀ ಊಹೆ ಹೇಳಬೇಕಾಗುತ್ತದೆ.

ಮಗಳಿಗೆ ಆಪರೇಷನ್ ಆಗಿ ಚೆನ್ನಾಗಿದ್ದಾಳೆ. ಮುಂದೆ ಮದುವೆ ಮಾತುಕತೆಯಲ್ಲಿ ಹೇಳಬೇಕಾ?

ಈ ಪ್ರಶ್ನೆ ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರೇ ಕೇಳುತ್ತಾರೆ, ಗಂಡುಮಕ್ಕಳವರು ಕೇಳಿದ್ದು ನನಗೆ ನೆನಪಿಲ್ಲ. ಹೇಳುವುದು ಬಿಡುವುದು ಅವಳು ದೊಡ್ಡವಳಾದ ಮೇಲೆ ಅವಳ ನಿರ್ಧಾರ. ಆದರೆ ಅವಳಿಗಂತೂ ಗೊತ್ತಿರಲೇಬೇಕು. ಬೆನ್ನಿನ ಆ ಗೆರೆ ಯಾವುದರದ್ದು, ನೆಗಡಿಯಾದಾಗ ನಾಯಿ ಬೊಗಳಿದ ಹಾಗೆ ಕೆಮ್ಮು ಯಾಕೆ ಬರುತ್ತದೆ, ಚಪಾತಿಯ ತುಂಡು ಯಾಕೆ ಸಿಕ್ಕಿಕೊಳ್ಳುತ್ತದೆ, ಹುಳಿತೇಗು ಇದ್ದರೆ ದೊಡ್ಡವಳಾದ ಮೇಲೂ ಎಂಡೋಸ್ಕೋಪಿ ಯಾಕೆ ಮಾಡಿಸಬೇಕು, ಎಲ್ಲವೂ. ಒಂಟಿ ದೋಷವಾಗಿದ್ದರೆ ಅವಳ ಮಕ್ಕಳಿಗೆ ದಾಟುವ ಸಾಧ್ಯತೆ ಬೆರಳೆಣಿಕೆಯ ಶೇಕಡಾ ಮಾತ್ರ. ಫೈನ್‌ಗೋಲ್ಡ್‌ನಂಥದ್ದು ಇದ್ದರೆ ಅರ್ಧಕ್ಕರ್ಧ, ಆಗ ಬಸಿರಾಗುವ ಮೊದಲೇ ಒಮ್ಮೆ ಕೌನ್ಸೆಲಿಂಗಿಗೆ ಬರಲಿ. ರಿಪೋರ್ಟುಗಳ ಒಂದು ಪ್ರತಿ ಅವಳ ಹೆಸರಿನ ಫೈಲಿನಲ್ಲಿ ಹಾಕಿಡಿ, ಬರ್ತ್ ಸರ್ಟಿಫಿಕೇಟ್ ಇಡುವ ಜಾಗದಲ್ಲೇ.